ಮಾದಯ್ಯನಲ್ಲ, ಮಾಚಯ್ಯ

ಅಜ್ಜಂಪುರ
೧೪–೯–೨೦೨೪

ಪ್ರೀತಿಯ ತಿಪ್ಪೇಶನಿಗೆ,

ನಿನ್ನ ಜವರನ ಜೈಭೀಮ್. ನಿನ್ನ ಕಾಗದ ಬಂದು ಎರಡು ತಿಂಗಳ ಮೇಲಾಯಿತು. ಉತ್ತರ ಬರೆಯದೆ ಕೂತಿದ್ದಕ್ಕೆ ಬೈಯುವುದಿದ್ದರೆ ಪೂರ್ತಿ ಓದಿ ಆಮೇಲೆ ಬೈಯಿ. ನಿನ್ನ ಮಂಡಿನೋವು ಈಗ ಹೇಗಿದೆ? ಲಕ್ಕವಳ್ಳಿಯಲ್ಲಿ ಡ್ಯಾಮಿನ ಗೇಟು ತೆಗೆದರೆಂದು ಪೇಪರಿನಲ್ಲಿ ಓದಿದೆ. ನಾಲೆ ಮೇಲೆ ವಾಕಿಂಗ್ ಹೋಗುವ ಹುಚ್ಚು ಬಿಟ್ಟು ಸ್ವಲ್ಪ ದಿನ ಮನೆಯಲ್ಲಿ ಕೂತಿರು. ಇಲ್ಲಿ ನನ್ನಾಕೆ ಹೇಮಾವತಿ ಸಕ್ಕರೆ ಕಾಯಿಲೆಯ ಹೆಸರಲ್ಲಿ ನನ್ನ ಕಾಫಿಗೂ ಸಕ್ಕರೆ ನಿಲ್ಲಿಸಿದ್ದಾಳೆ. ಅವ್ವನಿಗೆ ಎಂಬತ್ತಾರಾದರೂ ಊರಿನ ಮನೆ ಬಿಟ್ಟು ಬರಲು ಒಪ್ಪುವುದಿಲ್ಲ. ನಾನೇ ದಿನ ಬಿಟ್ಟು ದಿನ ಸ್ಕೂಟರಿನಲ್ಲಿ ಹೋಗಿ ಬರುತ್ತೇನೆ.

ಫೋನು ಮಾಡಬಹುದಿತ್ತು. ಎರಡು ಸಲ ನಂಬರು ಒತ್ತಿ ಕಟ್ ಮಾಡಿದೆ. ಬಾಯಲ್ಲಿ ಹೇಳಹೊರಟರೆ ಬರೀ ಕೂಗಾಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮೂರ ಕೆರೆ ಏರಿಯ ವೀರಗಲ್ಲಿನ ಮಾತು. ನಿನಗೆ ಗೊತ್ತಿರುವುದೇ, ಆದರೂ ಮೊದಲಿನಿಂದ ಹೇಳುತ್ತೇನೆ. ಮುಳ್ಳಿನ ಪೊದೆಯಲ್ಲಿ ಮಣ್ಣು ಮುಚ್ಚಿಕೊಂಡು ಬಿದ್ದಿದ್ದ ಕಲ್ಲು. ಮೂವತ್ತಾರು ವರ್ಷದ ಹಿಂದೆ ಕೇರಿಯ ಹುಡುಗರಿಂದ ಎತ್ತಿಸಿ ನಿಲ್ಲಿಸಿ, ನಾನು ಅದನ್ನು ಓದಿದೆ. ‘ಮಾದಯ್ಯ ಕೆರೆಯ ಕಾದು ಸತ್ತ.’ ಮಾದ ಎಂಬ ಹೆಸರು ನಮ್ಮವರಲ್ಲೇ ಇಡುವುದು, ಅಂದರೆ ಕೆರೆ ಕಾಯುತ್ತ ಪ್ರಾಣ ಬಿಟ್ಟವನು ನಮ್ಮ ಕೇರಿಯವನು ಎಂದು ಬರೆದೆ, ಮೇಷ್ಟ್ರಾಗಿದ್ದಷ್ಟು ಕಾಲ ಪಾಠ ಮಾಡಿದೆ, ಚಿಕ್ಕ ಪುಸ್ತಕವನ್ನೂ ಮಾಡಿಸಿದೆ. ನಮ್ಮಪ್ಪನ ಕಾಲದಲ್ಲಿ ಕೇರಿಯವರು ಆ ಏರಿ ಮೇಲೆ ಚಪ್ಪಲಿ ಮೆಟ್ಟಿ ನಡೆಯುವ ಹಾಗಿರಲಿಲ್ಲ. ಎರಡು ವರ್ಷದ ಹಿಂದೆ ಪಂಚಾಯ್ತಿಯವರು ಅದೇ ಏರಿಯ ಮೇಲೆ ಕಲ್ಲಿನ ಸುತ್ತ ಕಟ್ಟೆ ಕಟ್ಟಿ, ‘ಮಾದಯ್ಯನ ಏರಿ’ ಎಂದು ಬೋರ್ಡು ಹಾಕಿದರು. ಸಂಜೆ ಹೊತ್ತು ನಮ್ಮ ಮುದುಕರು ಆ ಕಟ್ಟೆ ಮೇಲೆ ಕಾಲು ನೀಡಿಕೊಂಡು ಕೂರುವುದನ್ನು ನೋಡಿದಾಗೆಲ್ಲ ನನ್ನ ನೌಕರಿ ಸಾರ್ಥಕವಾಯಿತು ಎನಿಸುತ್ತಿತ್ತು.

ಜುಲೈ ಕೊನೆಯ ಭಾನುವಾರ ಕಡೂರಿನಲ್ಲಿ ಇತಿಹಾಸದ ಗೋಷ್ಠಿ ಇತ್ತು. ನಾನೂ ಒಂದು ಪ್ರಬಂಧ ಓದಬೇಕಿತ್ತು. ಬೆಳಗಿನ ರೈಲಿಗೆ ಹೋದೆ. ಸಭೆ ತುಂಬಿತ್ತು, ನಮ್ಮೂರಿಂದ ಪಂಚಾಯ್ತಿ ಅಧ್ಯಕ್ಷ ಈರಭದ್ರಪ್ಪನೂ ನಾಲ್ಕು ಜನರನ್ನು ಕಟ್ಟಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ. ನಾನು ಓದಿ ಮುಗಿಸಿದ ಮೇಲೆ ಶ್ರೀವಾಣಿ ಎಂಬ ಹೆಣ್ಣುಮಗಳು ಎದ್ದಳು. ಶಾಸನ ಓದುವುದರಲ್ಲಿ ದೊಡ್ಡ ಹೆಸರು, ನಲವತ್ತು ದಾಟಿರಲಾರದು.

“ಮೇಷ್ಟ್ರೇ, ಕ್ಷಮಿಸಿ. ನಾನು ಆ ಕಲ್ಲನ್ನು ನೋಡಿ ಬಂದಿದ್ದೀನಿ. ನಿಮ್ಮ ಓದು ತಪ್ಪಾಗಿದೆ,” ಎಂದಳು.

ಪರದೆಯ ಮೇಲೆ ಕಲ್ಲಿನ ಫೋಟೊ ದೊಡ್ಡದಾಗಿ ಮೂಡಿತು. ನಾನು ‘ದ’ ಎಂದು ಓದಿದ ಅಕ್ಷರವನ್ನು ತೋರಿಸಿ, “ಇಲ್ಲಿ ಕಾಣೋ ಗೆರೆ ಉಳಿಯಿಂದ ಕೊರೆದಿದ್ದಲ್ಲ, ಕಲ್ಲಿನ ಬಿರುಕು. ಅದನ್ನ ಬಿಟ್ಟು ನೋಡಿದ್ರೆ ಇದು ‘ಚ’. ಮಾದಯ್ಯ ಅಲ್ಲ, ಮಾಚಯ್ಯ. ಮುಂದೆ ಇರೋದು ‘ಕೆರೆ’ನೂ ಅಲ್ಲ, ‘ತುರು’. ದನ ಹೊಡ್ಕೊಂಡು ಹೋಗೋಕೆ ಬಂದವರ ಜೊತೆ ಹೋರಾಡಿ ಸತ್ತವನ ಕಲ್ಲು ಇದು,” ಎಂದಳು.

ನನ್ನ ಮೈಯೆಲ್ಲ ಉರಿದುಹೋಯಿತು ಕಣೋ. ನನ್ನ ಮಗಳ ವಯಸ್ಸಿನವಳು, ತುಂಬಿದ ಸಭೆಯಲ್ಲಿ! ಮೊದಲೇ ಒಂದು ಫೋನು ಮಾಡಿ ಹೇಳಬಾರದಿತ್ತೇ? ಬಾಯಿಗೆ ಬಂದ ಮಾತು ತುಟಿಯ ತನಕ ಬಂತು. ಆದರೆ ಫೋಟೊ ಕಣ್ಣೆದುರೇ ಇತ್ತಲ್ಲ. ನೋಡುತ್ತ ನೋಡುತ್ತ ಆ ‘ಚ’ ನನಗೂ ಕಂಡಿತು. ಮುಂದಿನ ಪದದಲ್ಲಂತೂ ಸವೆದು ಹೋದ ಕಡೆ ನನ್ನ ಆಸೆಯನ್ನೇ ತುಂಬಿ ಓದಿದ್ದೆ. ಕಂಡ ಮೇಲೆ ಕಂಡಿಲ್ಲ ಎನ್ನುವುದು ಹೇಗೆ? ಮಕ್ಕಳ ಉತ್ತರಪತ್ರಿಕೆಗೆ ಕೆಂಪು ಶಾಯಿ ಹಾಕಿದ ಕೈ ಇದು.

ಮೈಕು ತೆಗೆದುಕೊಂಡು, “ತಪ್ಪು ನನ್ನದು. ಈ ತಾಯಿ ಹೇಳಿದ್ದು ಸರಿ. ತಪ್ಪು ಕಲಿತು ಹೋದ ನನ್ನ ಮಕ್ಕಳ ಕ್ಷಮೆ ಕೇಳ್ತೀನಿ. ಪುಸ್ತಕ ತಿದ್ದಿಸ್ತೀನಿ,” ಎಂದೆ.

ಚಪ್ಪಾಳೆ ಬಿತ್ತು. ಮೊದಲ ಕ್ಷಣ ನನಗೂ ಹಿತವಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ನೋಡಿದರೆ ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದವನು ಈರಭದ್ರಪ್ಪ. ಎದ್ದು ನಿಂತು ತಟ್ಟುತ್ತಿದ್ದ. ವೇದಿಕೆಗೆ ಬಂದು ಶಾಲು ಹೊದಿಸಿ, “ದೊಡ್ಮನಸ್ಸು ಕಣ್ರೀ ಮೇಷ್ಟ್ರುದು,” ಎಂದ. ಪಕ್ಕದವನ ಕಡೆ ತಿರುಗಿ ನಕ್ಕಿದ್ದೂ ಕಂಡಿತು. ಅವರು ಮೆಚ್ಚಿದ್ದು ನನ್ನ ಪ್ರಾಮಾಣಿಕತೆಯನ್ನೆಂದು ತಿಳಿದ ನಾನೆಂಥ ಪೆದ್ದ!

ಮೂರನೆಯ ದಿನ ಅವ್ವನನ್ನು ನೋಡಲು ಹೋದರೆ ಏರಿ ಮೇಲೆ ಬೋರ್ಡು ಇಲ್ಲ. ಪಂಚಾಯ್ತಿಗೆ ಹೋದೆ. ಈರಭದ್ರಪ್ಪ ಕುರ್ಚಿ ತೋರಿಸಿ ಕಾಫಿ ತರಿಸಿದ. “ಬೋರ್ಡ್ ತೆಗೆಸಿದ್ವಿ. ಕಲ್ಲನ್ನೂ ಊರೊಳಗೆ ತಂದು ದೇವಸ್ಥಾನದ ಮುಂದೆ ನಿಲ್ಸಾನಾ ಅಂತಿದೀವಿ. ನಾಡಿದ್ದು ಜೆಸಿಬಿ ಬತ್ತದೆ,” ಎಂದ.

“ಯಾಕೆ?” ಎಂದೆ.

“ಅಲ್ಲಾ ಮೇಷ್ಟ್ರೇ, ನೀವೇ ಸಭೇಲಿ ಒಪ್ಕೊಂಡ್ರಲ್ಲ, ಅವ್ನು ನಿಮ್ಮೋನಲ್ಲ ಅಂತ.”

“ನಾನು ಒಪ್ಪಿದ್ದು ಅಕ್ಷರ ತಪ್ಪು ಅಂತ. ನಿಮ್ಮೋನು ಅಂತ ಆ ಕಲ್ಲಲ್ಲಿ ಎಲ್ಲಿ ಬರ್ದಿದೆ? ತೋರ್ಸಿ!”

“ಸಿಟ್ಟು ಮಾಡ್ಕೋಬೇಡಿ. ಇಷ್ಟು ವರ್ಷ ಕಥೆ ಕಟ್ಟಿದ್ರಿ, ನಾವೂ ಕೇಳ್ಕೊಂಡ್ವಿ.”

ಕಥೆ ಕಟ್ಟಿದ್ದಂತೆ! ತಿಪ್ಪೇಶ, ಊರಲ್ಲಿ ಯಾರ್ಯಾರು ಏನೇನು ಕಥೆ ಕಟ್ಟಿಕೊಂಡಿಲ್ಲ? ಪುರಾವೆ ಕೇಳಿದವರು ಯಾರು? ನಮ್ಮ ಒಂದಕ್ಷರ ತಪ್ಪಿದ್ದಕ್ಕೆ ಕಟ್ಟೆಯನ್ನೇ ಖಾಲಿ ಮಾಡಬೇಕೆ? ಕಾಫಿ ಲೋಟ ಅಲ್ಲೇ ಬಿಟ್ಟು ಎದ್ದು ಬಂದೆ. ಆ ಶಾಲನ್ನು ಹೇಮಾವತಿ ಮಡಿಸಿ ಬೀರುವಿನಲ್ಲಿಡಲು ಹೋದಳು. ಕಿತ್ತುಕೊಂಡು ಸ್ಕೂಟರ್ ಒರೆಸಲು ಹಾಕಿದೆ.

ಅವತ್ತೇ ಶ್ರೀವಾಣಿಗೆ ಫೋನು ಮಾಡಿ, “ನಿಮ್ಮ ಮಾತಿಂದ ಏನಾಯ್ತು ನೋಡಿ ತಾಯಿ!” ಎಂದು ಕೂಗಾಡಿದೆ. ಆಕೆ ಪೂರ್ತಿ ಕೇಳಿಸಿಕೊಂಡಳು. “ಅಕ್ಷರ ತಪ್ಪು ಅಂದೆ. ಕಲ್ಲು ನಿಮ್ಮ ಜನದ್ದಲ್ಲ ಅಂದ್ನಾ? ನಾಡಿದ್ದು ನಾನೇ ಬರ್ತೀನಿ,” ಎಂದಳು.

ಬಂದಳು ಕಣೋ, ಮೊದಲ ಬಸ್ಸಿಗೇ. ಅಷ್ಟರಲ್ಲಿ ಜೆಸಿಬಿ ಏರಿ ಹತ್ತಿತ್ತು. ನಮ್ಮವ್ವ ಕಲ್ಲಿಗೆ ಬೆನ್ನು ಕೊಟ್ಟು ಕಟ್ಟೆಯ ಮೇಲೆ ಕೂತಿದ್ದಳು. ಸುತ್ತ ಕೇರಿಯ ಹೆಂಗಸರು. ಡ್ರೈವರು ಇಂಜಿನ್ ಆಫ್ ಮಾಡಿ ಬೀಡಿ ಹಚ್ಚಿಕೊಂಡಿದ್ದ.

“ಏಳಮ್ಮ, ಅವ್ನು ನಿಮ್ಮೋನಲ್ವಂತೆ,” ಎಂದ ಈರಭದ್ರಪ್ಪ.

“ಯಾರೋನಾದ್ರೇನ್ಲಾ?” ಎಂದಳು ಅವ್ವ. “ಮುಳ್ಳು ಕಿತ್ತು ಕಲ್ಲೆತ್ತಿ ನಿಲ್ಸಿದ್ ನಮ್ ಹುಡುಗ್ರು. ಆವಾಗ ಎಲ್ಲೋಗಿದ್ರಿ ನೀವು?”

ಅವನು ಶ್ರೀವಾಣಿಯ ಕಡೆ ತಿರುಗಿ, “ನೀವೇ ಹೇಳಿ ಮೇಡಂ,” ಎಂದ. ಆಕೆ ಕಲ್ಲಿನ ಪಕ್ಕ ನಿಂತು ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿದಳು. ಆಮೇಲೆ, “ಮಾಚಯ್ಯ ಅಂತ ಇದೆ. ಯಾವ ಜಾತಿ ಅಂತ ಇಲ್ಲ. ನಿಮಗೂ ಇಲ್ಲ, ಇವರಿಗೂ ಇಲ್ಲ. ಸಿಕ್ಕಿದ ಜಾಗದಿಂದ ಕಲ್ಲು ಕೀಳಿಸಿದ್ರೆ ಇವತ್ತೇ ಪುರಾತತ್ವ ಇಲಾಖೆಗೆ ಬರೆದು ಕೊಡ್ತೀನಿ. ಜವರಯ್ಯ ಮೇಷ್ಟ್ರು ಎತ್ತಿಸದೆ ಇದ್ದಿದ್ರೆ ತಿದ್ದೋಕೆ ನನಗೆ ಕಲ್ಲೇ ಇರ್ತಿರಲಿಲ್ಲ,” ಎಂದಳು. ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ.

ಜೆಸಿಬಿ ಹಿಂದಕ್ಕೆ ಹೋಯಿತು. ತಿಂಗಳು ಓಡಾಡಿಸಿ, ಮೂರು ಅರ್ಜಿ ಬರೆಸಿಕೊಂಡು, ಹೋದ ವಾರ ಹೊಸ ಬೋರ್ಡು ಹಾಕಿದ್ದಾರೆ. ‘ಮಾಚಯ್ಯನ ಏರಿ’ ಎಂದು. ಈರಭದ್ರಪ್ಪ ಆ ಕಡೆ ತಲೆ ಹಾಕಲಿಲ್ಲ. ಮುದುಕರು ಮತ್ತೆ ಕಟ್ಟೆ ಮೇಲೆ ಕೂರುತ್ತಿದ್ದಾರೆ. ಆದರೂ ನನ್ನ ಸಿಟ್ಟು ಇಳಿದಿಲ್ಲ. ತಪ್ಪೊಪ್ಪಿಕೊಂಡವನ ಕುತ್ತಿಗೆಗೇ ಆ ಒಪ್ಪಿಗೆಯನ್ನು ಹಗ್ಗ ಮಾಡಿ ಬಿಗಿಯುವುದಾದರೆ, ನಾಳೆ ಯಾವನು ತಪ್ಪೊಪ್ಪಿಯಾನು ಹೇಳು.

ನಿನ್ನ ಮನೆಯವರೆಲ್ಲರಿಗೂ ನನ್ನ ನೆನಪು ಹೇಳು. ಮಂಡಿಗೆ ಬಿಸಿನೀರಿನ ಶಾಖ ಬಿಡಬೇಡ. ನೀನೂ ನಿನ್ನ ಮಕ್ಕಳೂ ತಣ್ಣಗಿರಿ ಎಂದು ಅವ್ವ ಹೇಳಿದ್ದಾಳೆ. ಅವಳ ಹಾರೈಕೆ ನನ್ನದಕ್ಕಿಂತ ಗಟ್ಟಿ.

ನಿನ್ನ
ಜವರಯ್ಯ

ತಾ.ಕ.: ಸಹಿ ಹಾಕಿ ಎರಡು ದಿನವಾಯಿತು, ಅಂಚೆಗೆ ಹಾಕಲಾಗಲಿಲ್ಲ. ಮೇಲೆ ‘ನಾನು ಓದಿದೆ’ ಎಂದು ಬರೆದಿದ್ದೇನೆ. ಪುಸ್ತಕದಲ್ಲೂ ಹಾಗೇ ಬರೆದಿದ್ದೆ. ಕಲ್ಲು ತೊಳೆದ ದಿನ ನೀನೂ ಇದ್ದೆ. ಆಗಲೇ ನೀನು ನಾಲೆ ಕೆಲಸದಲ್ಲಿ ಕಲ್ಲು ಒಡೆಯುತ್ತಿದ್ದೆ. ಆ ಅಕ್ಷರದ ಮೇಲೆ ಹೆಬ್ಬೆರಳು ಆಡಿಸಿ, “ಲೇ ಜವರ, ಇದು ಉಳಿ ಏಟಲ್ಲ ಕಣೋ, ಕಲ್ಲೇ ಸೀಳ್ಕೊಂಡಿರೋದು,” ಎಂದೆ. ನಾನು ಆಗ ತಾನೆ ಬಿ.ಎ. ಮುಗಿಸಿದವನು. ಜೊತೆಗಿದ್ದ ಹುಡುಗರ ಮುಂದೆ, “ಕಲ್ಲು ಕುಟ್ಟೋನಿಗೆ ಅಕ್ಷರ ಏನ್ಲಾ ಗೊತ್ತು?” ಎಂದುಬಿಟ್ಟೆ. ಅವರು ನಕ್ಕರು. ನೀನು ಕೊಡ ಎತ್ತಿಕೊಂಡು ಕೆರೆಗಿಳಿದು, ಕಲ್ಲು ತೊಳೆಯಲು ಇನ್ನಷ್ಟು ನೀರು ತಂದು ಹಾಕಿದೆ. ಇಷ್ಟು ವರ್ಷದಲ್ಲಿ ಒಂದು ಸಲವೂ ಅದನ್ನು ಎತ್ತಲಿಲ್ಲ. ಕಡೂರಿನಲ್ಲಿ ಆ ಹೆಣ್ಣುಮಗಳು ಬಿರುಕು ಎಂದಾಗ ನಿನ್ನ ಹೆಬ್ಬೆರಳು ಕಣ್ಣಿಗೆ ಕಟ್ಟಿತು. ಕೈಯಲ್ಲಿ ಮೈಕು ಇತ್ತು, ಸಭೆ ಎದುರಿಗಿತ್ತು. ಅಲ್ಲಿಯೂ ನಿನ್ನ ಹೆಸರು ಹೇಳಲಿಲ್ಲ ಕಣೋ ತಿಪ್ಪೇಶ.