ಹಿಡಿದ ಪಕ್ಷ

ಸಿಂದಗಿ
೩೦ ಜನವರಿ ೨೦೨೫

ಮಗಳಂಥ ಗುಲನಾಜಳಿಗೆ,

ಪುಣೆಯಲ್ಲಿ ನೀನು ಆರಾಮಾಗಿದ್ದೀಯೆಂದು ನಂಬಿ ನಿನ್ನ ಕಾಶಿಬಾಯಿ ಮೇಡಂ ಬರೆಯುತ್ತಿದ್ದೇನೆ. ದೀಪಾವಳಿಗೆ ಬಂದ ನಿನ್ನ ಪತ್ರಕ್ಕೆ ಸಂಕ್ರಾಂತಿ ದಾಟಿದ ಮೇಲೆ ಉತ್ತರ. ಮೊಣಕಾಲು ನೋವು, ಕರೆಂಟ್ ಇಲ್ಲ ಎಂದು ಏನಾದರೂ ನೆಪ ಹೇಳಬಹುದಿತ್ತು. ಬರೆಯುವ ಧೈರ್ಯವಾಗಲಿಲ್ಲ, ಅಷ್ಟೇ. ಬೈಯಬೇಕೆನಿಸಿದರೆ ಬೈದುಬಿಡು.

ಊರಲ್ಲಿ ಎಲ್ಲರೂ ಕ್ಷೇಮ. ಈ ಸಲ ಜೋಳ ಚೆನ್ನಾಗಿ ಬಂದಿದೆ. ಹೊಸ ದೂರದರ್ಶಕದ ಚಿತ್ರಗಳನ್ನು ನೋಡಿ ಯಾವುದೋ ಪತ್ರಿಕೆಯವನು ‘ಮಹಾಸ್ಫೋಟ ಸುಳ್ಳು’ ಎಂದು ಬರೆದನಂತೆ. ಅಷ್ಟಕ್ಕೇ ಇಲ್ಲಿನವರು ನನ್ನನ್ನು ಕರೆದು ಶಾಲು ಹೊದಿಸಿದರು. ವಿಶ್ವಕ್ಕೆ ಹುಟ್ಟೇ ಇಲ್ಲ, ಅದು ಯಾವತ್ತೂ ಇತ್ತು ಎಂದು ಜೀವಮಾನವಿಡೀ ವಾದಿಸಿದ ನಮ್ಮೂರ ಹೆಣ್ಣುಮಗಳು ಕಡೆಗೂ ಗೆದ್ದಳು ಎಂದು ಭಾಷಣವಾಯಿತು. ಆ ಚಿತ್ರಗಳು ಹಾಗೇನೂ ಹೇಳುವುದಿಲ್ಲವೆಂದು ನಿನಗೂ ಗೊತ್ತು, ನನಗೂ ಗೊತ್ತು. ಶಾಲು ಮಾತ್ರ ಬೇಡ ಎನ್ನಲಿಲ್ಲ, ನಾಚಿಕೆಗೆಟ್ಟ ಮುದುಕಿ.

ಈಗ ನಿನ್ನ ವಿಷಯ. ವಿಶ್ವದ ಅತಿ ಹಳೆಯ ಬೆಳಕನ್ನು ಅಳೆಯುವ ಕೆಲಸಕ್ಕೆ ಗುರಲಿಂಗಪ್ಪನವರ ತಂಡ ನಿನ್ನನ್ನು ಕರೆದಿದೆ. ಬರುವ ವಾರದೊಳಗೆ ಒಪ್ಪಿಗೆ ತಿಳಿಸಬೇಕು. ಅದು ನಿಮ್ಮ ವಿರೋಧಿಗಳ ಮನೆ, ನೀವು ಹೋಗೆಂದರೆ ಮಾತ್ರ ಹೋಗುತ್ತೇನೆ ಎಂದು ಬರೆದಿದ್ದೀಯ. ನಿನ್ನ ಜೊತೆ ಓದಿದವರೆಲ್ಲ ಖಾಯಂ ಕೆಲಸ ಹಿಡಿದು ಕೂತಿದ್ದಾರೆ. ನನ್ನ ಸಿದ್ಧಾಂತವನ್ನು ತಲೆ ಮೇಲೆ ಹೊತ್ತ ನಿನ್ನನ್ನು ಯಾವ ಸಂಸ್ಥೆಯೂ ಒಳಗೆ ಬಿಟ್ಟಿಲ್ಲ. ಇದನ್ನೂ ಬಿಟ್ಟರೆ ಇನ್ನೊಂದು ಕರೆ ಬರುವುದಿಲ್ಲ.

ನನ್ನವ್ವ ಹೊನ್ನವ್ವ ಎರಡು ಪಕ್ಷ ಕಟ್ಟಿ ಸವಾಲು-ಜವಾಬು ಹಾಡುವ ಹಾಡಿಕಿಯವಳು ಎಂದು ನಿನಗೆ ಹೇಳಿದ್ದೆ. ಹರದೇಶಿಯವರು ಶಿವನೇ ಮೊದಲು ಎಂದು ಹಾಡಿದರೆ, ನಾಗೇಶಿ ಪಕ್ಷದ ಅವ್ವ ಶಕ್ತಿಯೇ ಮೊದಲು ಎಂದು ಜವಾಬು ಕೊಡುತ್ತಿದ್ದಳು. ಖರೇನೇ ಶಕ್ತಿ ಮೊದಲೇನು ಎಂದು ಒಮ್ಮೆ ಕೇಳಿದೆ. ‘ಯಾರಿಗ್ಗೊತ್ತವ್ವ. ಪಕ್ಷ ಹಿಡದ ಮ್ಯಾಲ ಬಿಡಬಾರ್ದು. ಬಿಟ್ರ ಹಾಡಿಕಿನ ನಿಂತ ಹೋಗತೈತಿ’ ಎಂದಳು. ಅದನ್ನೇ ಗಂಟು ಕಟ್ಟಿಕೊಂಡು ನಾನು ವಿಜ್ಞಾನಕ್ಕೆ ಬಂದೆ. ಎಲ್ಲರೂ ಮಹಾಸ್ಫೋಟ ಎಂದಾಗ ಅಲ್ಲ ಎನ್ನುವವರೂ ಒಬ್ಬರು ಬೇಕಲ್ಲ! ಮೊದಮೊದಲು ನಂಬಿಯೇ ಹೇಳಿದೆ. ಆ ಹಳೆಯ ಬೆಳಕು ಎಲ್ಲ ದಿಕ್ಕಿನಿಂದಲೂ ಒಂದೇ ಸಮ ಬರುವುದಕ್ಕೆ ನನ್ನ ಬಳಿ ಸರಿಯಾದ ಜವಾಬು ಇರಲಿಲ್ಲ. ನಂಬಿಕೆ ಹೋದ ಮೇಲೂ ಪಕ್ಷ ಬಿಡಲಿಲ್ಲ.

ಅವ್ವನಾದರೋ ಬೆಳಗಾದರೆ ಎದುರು ಪಕ್ಷದವರ ಜೊತೆ ಚಹಾ ಕುಡಿಯುತ್ತ, ನಿಮ್ಮ ಆ ಸವಾಲಿಗೆ ನನ್ನ ಹತ್ತಿರ ಏನೂ ಇರಲಿಲ್ಲ ನೋಡ್ರಿ ಎಂದು ನಗುತ್ತಿದ್ದಳು. ಗುರಲಿಂಗಪ್ಪನವರು ನಾಲತವಾಡದವರು, ನಮ್ಮ ಕಡೆಯವರೇ. ಸಭೆ ಮುಗಿದಾಗಲೆಲ್ಲ ‘ಬರ್ರಿ ಕಾಶಿಬಾಯಾರ, ಚಾ ಕುಡಿಯೂಣು’ ಎಂದು ಕರೆಯುತ್ತಿದ್ದರು. ನಾನು ಮುಖ ತಿರುಗಿಸಿ ಹೋಗುತ್ತಿದ್ದೆ. ಅವ್ವನಿಂದ ಅರ್ಧ ವಿದ್ಯೆ ಕಲಿತೆ, ಆ ಅರ್ಧವನ್ನೇ ನಿನಗೂ ಕಲಿಸಿದೆ. ನೀನು ಪಾಪ, ಅದನ್ನು ನನ್ನ ನಂಬಿಕೆ ಎಂದುಕೊಂಡೆ.

ಮೊನ್ನೆ ನಿಮ್ಮಪ್ಪ ದಸ್ತಗೀರಸಾಬರು ದೇವಣಗಾಂವದ ಹೊಲದಿಂದ ಸೀತನಿ, ಸುಟ್ಟ ಎಳೆಜೋಳ, ತಂದುಕೊಟ್ಟರು. ಬೆಲ್ಲದ ಜೊತೆ ತಿಂದೆವು. ನಿನ್ನ ಮಾತು ಬಂತು. ಏನೋ ಒಂದು ಹೇಳಿ ಕಳಿಸಿದೆ.

ಹೋಗು ಗುಲನಾಜ. ಈ ಪತ್ರ ಓದಿದ ಕೂಡಲೇ ಗುರಲಿಂಗಪ್ಪನವರಿಗೆ ಒಪ್ಪಿಗೆ ಕಳಿಸು. ಅಳೆದದ್ದು ಏನು ಹೇಳುತ್ತದೋ ಅದನ್ನೇ ಬರೆ, ನನ್ನ ಮುಖ ನೋಡಬೇಡ. ನಿನ್ನ ಕಣ್ಣು ಚುರುಕಾಗಿರಲಿ, ಹೊತ್ತು ಹೊತ್ತಿಗೆ ಊಟ ಮಾಡು, ನಿನ್ನ ಬಾಳು ಹಸನಾಗಲಿ.

ಇಂತು ನಿನ್ನ,
ಕಾಶಿಬಾಯಿ

ತಾ.ಕ.: ಏನೋ ಒಂದು ಹೇಳಿದೆ ಎಂದೆನಲ್ಲ, ಅದೇನೆಂದು ಬರೆಯದೆ ಈ ಪತ್ರ ಅಂಚೆಗೆ ಹಾಕಲಾರೆ. ನಿಮ್ಮಪ್ಪ ನೇರವಾಗಿ ಕೇಳಿದರು: ‘ಅಕ್ಕಾರ, ಈ ಲೋಕಕ್ಕ ಶುರು ಐತೊ ಇಲ್ಲೊ? ಒಂದ ಮಾತ ಹೇಳ್ರಿ, ಮಗಳಿಗೆ ಅದನ್ನ ಹೇಳ್ತೇನಿ.’ ನಾನು ‘ಇಲ್ಲ ದಸ್ತಗೀರಣ್ಣ. ಅಕಿ ಇದ್ದಲ್ಲೇ ಇರ್ಲಿ’ ಎಂದೆ. ಅವರು, ‘ದೇವರು ಆಗು ಅಂದ, ಆತು ಅಂತ ನಮ್ಮಪ್ಪ ಹೇಳಿಕೊಟ್ಟಿದ್ರು. ಇರ್ಲಿ ಬಿಡ್ರಿ. ನೀವು ಅಷ್ಟು ಓದಿದವರು, ಸುಳ್ಳ ಯಾಕ ಹೇಳ್ತೀರಿ’ ಎಂದು ಕೈಮುಗಿದು ಎದ್ದರು. ನನ್ನ ಆ ಮಾತನ್ನೇ ಅವರು ನಿನಗೆ ಫೋನಿನಲ್ಲಿ ಹೇಳಿರಬೇಕು. ಶುರು ಐತಿ, ಮಗಳೇ. ಅಂದೂ ನನಗೆ ಗೊತ್ತಿತ್ತು. ನೀನು ಹೋದರೆ ನನ್ನ ಕಡೆ ಒಬ್ಬರೂ ಉಳಿಯುವುದಿಲ್ಲವೆಂದು ಹೆದರಿ, ನನ್ನನ್ನು ನಂಬಿದ ಆ ಮನುಷ್ಯನ ಮುಖ ನೋಡಿಕೊಂಡೇ ಸುಳ್ಳು ಹೇಳಿದೆ.