ಕಾವಲಿನವರು ನುಗ್ಗಿದ ವಾರ

ನವೆಂಬರ್ 11, ಮಂಗಳವಾರ. ಸಾಗರ

ಪಾಪುಗೆ ಹಾಲು ಕುಡಿಸಿ, ತೇಗಿಸಿ, ಅತ್ತೆ ಕೈಗೆ ಕೊಟ್ಟು ಆಸ್ಪತ್ರೆಗೆ ಓಟ. ನಿದ್ದೆ... ಬಿಡು. ಭಾನುವಾರ ಹೊಸನಗರದ ಮನೇಲಿ ದೋಸೆ ಹುಯ್ಯುತ್ತಿದ್ದ ಅಮ್ಮ ಹಾಗೇ ಕುಸಿದಿದ್ದು. ಸ್ಟ್ರೋಕ್. ಬಲಗೈ ಏಳ್ತಿಲ್ಲ, ಮಾತಿಲ್ಲ. ನಿನ್ನೆ ಕಣ್ಣಲ್ಲೇ ಪಾಪು ಎಲ್ಲಿ ಅಂತ ಕೇಳಿದ್ಲು. ಇವತ್ತು ಕಣ್ಣೇ ಬಿಡ್ತಿಲ್ಲ. ಯಾಕೆ?

ಸಂಜೆ

ಡಾಕ್ಟರ್ ವಿನಯಾ ಕೂರಿಸಿ ಹೇಳಿದ್ರು. ರಕ್ತ ಸಿಗದೆ ಸತ್ತ ಜಾಗಕ್ಕೆ ಮೈಯ ಕಾವಲಿನ ಕಣಗಳು ನುಗ್ಗಿವೆ. ಕಸ ತೆಗೆಯೋಕೇ ಬಂದಿದ್ದು. ಆ ಗಲಾಟೇಲಿ ಪಕ್ಕದ ಚೆನ್ನಾಗಿರೋ ಜಾಗಕ್ಕೂ ಏಟು — ಮೆದುಳಲ್ಲಿ ಬಾವು.

"ಅಂದ್ರೆ ಇಮ್ಯೂನಿಟಿ ಜಾಸ್ತಿ ಆಗಿದ್ಯಾ ಡಾಕ್ಟ್ರೇ?"

"ತಲೇಲಿ ಜಾಸ್ತಿ, ಎದೇಲಿ ಕಮ್ಮಿ. ಸ್ಟ್ರೋಕ್ ಆದವ್ರಿಗೆ ನ್ಯುಮೋನಿಯಾ ಬೇಗ ಹಿಡಿಯತ್ತೆ. ನುಂಗೋ ಟೆಸ್ಟ್ ಪಾಸಾಗೋವರ್ಗೂ ಬಾಯಿಗೆ ಹನಿ ನೀರೂ ಬೇಡ, ಆಹಾರ ಎಲ್ಲ ಮೂಗಿನ ನಳಿಕೇಲೇ."

ಬಾವು ಇಳಿದ್ರೆ ಅದೇ ಕಣಗಳು ರಿಪೇರಿಗೂ ನಿಲ್ತಾವಂತೆ. ಇಳಿದ್ರೆ.

ನವೆಂಬರ್ 12

ತೀರ್ಥಹಳ್ಳಿಯಿಂದ ಯಶೋಧಾ ಚಿಕ್ಕಮ್ಮ. ಕೈಯಲ್ಲಿ ಫ್ಲಾಸ್ಕ್, ಅಮೃತಬಳ್ಳಿ ಕಷಾಯ. ಕೊರೊನಾ ಬಂದಾಗಿಂದ ನಮ್ಮನೇಲಿ ಎಲ್ಲ ಕಾಯಿಲೆಗೂ ಇದೇ.

"ಅಕ್ಕಂಗೆ ಇಮ್ಯೂನಿಟಿ ಬರ್ಲಿ. ಬಾಯಿ ಒಣಗಿದೆ ನೋಡೇ. ಎರಡೇ ಚಮಚ."

"ಬೇಡ ಚಿಕ್ಕಮ್ಮ. ಹೊಟ್ಟೆಗಲ್ಲ, ಶ್ವಾಸಕೋಶಕ್ಕೆ ಹೋಗತ್ತೆ."

"ನಿಂಗೆ ಜ್ವರ ಬಂದಾಗ ಮೂಗು ಹಿಡಿದು ಕುಡಿಸಿದ್ದು ಯಾರು? ಕಾಲೇಜು ಓದಿದೋರಾ?"

ಚಮಚ ಅಮ್ಮನ ತುಟಿ ತನಕ ಬಂತು. ಹಿರಿಯರ ಕೈ ತಡೆದವಳಲ್ಲ ನಾನು. ತಡೆದೆ. ಗಟ್ಟಿಯಾಗಿ ಹಿಡಿದೆ. ಕಷಾಯ ಚಿಕ್ಕಮ್ಮನ ಸೀರೆ ಮೇಲೆ. ವಾರ್ಡೆಲ್ಲ ನಮ್ಮನ್ನೇ ನೋಡ್ತಿತ್ತು. ಚಿಕ್ಕಮ್ಮ ಹೋಗಿ ಬೆಂಚಲ್ಲಿ ಕೂತಳು. ಆಮೇಲೆ ಉಳಿದಿದ್ದನ್ನ ತಾನೇ ಕುಡಿದಳು. "ಎಸೆಯೋ ವಸ್ತು ಅಲ್ಲ ಇದು."

ಅಮ್ಮನ ಒಣ ತುಟಿ ನೋಡ್ತಾ ಕೂತೆ. ನಾನು ಮಾಡಿದ್ದು ಸರಿ ತಾನೇ?

ನವೆಂಬರ್ 16, ಭಾನುವಾರ

ಬರೆಯೋಕೆ ಧೈರ್ಯ ಇರಲಿಲ್ಲ. ಈಗ ಬರೀತೀನಿ. ಜ್ವರ ಬರಲೇ ಇಲ್ಲ. ಎದೆ ಕ್ಲಿಯರ್. ಸ್ಕ್ಯಾನಲ್ಲಿ ಬಾವು ಇಳೀತಿದೆ. ಅಮ್ಮ ಕಣ್ಣು ಬಿಟ್ಟು ಕೂತಿದಾಳೆ.

ಇವತ್ತು ಟೆಸ್ಟ್. ಡಾಕ್ಟ್ರು ಚಮಚದಲ್ಲಿ ನೀರು ಹಾಕಿದ್ರು. ಗಂಟಲು ಆಡ್ತು. ಕೆಮ್ಮಲಿಲ್ಲ. ಇನ್ನೊಂದು. ಕೆಮ್ಮಲಿಲ್ಲ! ಪಾಸ್!! ನನ್ನ ಡಿಗ್ರಿ ರಿಸಲ್ಟಿಗೂ ಇಷ್ಟು ಕುಣಿದಿರಲಿಲ್ಲ.

ಚಿಕ್ಕಮ್ಮ ಮಣಿಕಟ್ಟು ತೋರಿಸಿದ್ಲು. "ಇನ್ನೂ ನೋಯ್ತಿದೆ ಮಾರಾಯ್ತಿ. ಕಬ್ಬಿಣದ ಕೈ ನಿಂದು, ಥೇಟ್ ಅಕ್ಕಂದೇ." ಅಂದು, ಅತ್ತಳು. ನಾನೂ.

ನವೆಂಬರ್ 18, ಬೆಳಗ್ಗೆ

ರಾಗಿ ಗಂಜಿ. ಅಮ್ಮ ಎಡಗೈಲಿ, ತಾನೇ, ಅರ್ಧ ಚೆಲ್ಲಿಕೊಂಡು. ಚೆಲ್ಲಲಿ! ಬಲಗೈ ಬೆರಳೂ ಸ್ವಲ್ಪ ಆಡ್ತಿದೆ. ಮಾತು ಮಾತ್ರ... ಡಾಕ್ಟ್ರು ಕಾಯಿರಿ ಅಂದಿದಾರೆ. ಮುಖ ಯಾಕೋ ಕಿವುಚ್ತಿದಾಳೆ. ಬಟ್ಟಲು ದೂಡಿದ್ಲು. ತುಟಿ ಮುಂದೆ ಮಾಡಿ... "ಉ... ಉಪ್..."

ಉಪ್ಪಿಲ್ಲ! ಗಂಜಿಗೆ ಉಪ್ಪಿಲ್ಲ ಅಂತಿದಾಳೆ! ಮೊದಲನೇ ಮಾತೇ ನನಗೆ ಬೈಗುಳ! ಚಿಕ್ಕಮ್ಮಾ, ಡಾಕ್ಟ್ರನ್ನ ಕರಿ, ಅಮ್ಮ ಮಾತಾ—