ನಮ್ಮ ಬೋರ್‌ವೆಲ್ ಪಾಸಾದ ಕಥೆ

ಅಪ್ಪ,

ಮೇಲಿನ ಘನ ನ್ಯಾಯಾಲಯದಲ್ಲಿ ನೀವೇ ಜಡ್ಜು ಅಂದುಕೊಂಡು ತಪ್ಪೊಪ್ಪಿಕೊಳ್ಳುತ್ತಿದ್ದೇನೆ: ನೀರಿನ ಪರೀಕ್ಷೆಯಲ್ಲಿ ಕಾಪಿ ಹೊಡೆದೆ.

ಹಿಂದಿನ ಬೀದಿಯಲ್ಲಿ ಲೋಹಕ್ಕೆ ಲೇಪ ಹಾಕುವ ಪ್ಲೇಟಿಂಗ್ ಶೆಡ್ಡಿನ ಆಸಿಡ್ ನೆಲಕ್ಕಿಳಿದಿದೆ ಅಂತ ಗಲಾಟೆಯಾಗಿ, ಲ್ಯಾಬಿನವರು ಮನೆಮನೆಯ ಬೋರ್‌ವೆಲ್ ನೀರು ಕೇಳಿಕೊಂಡು ಬಂದರು. ನಮ್ಮದು ಬಾಗಲಗುಂಟೆಗೇ ಅಮೃತ ಅಂತ ಮೆರೆಸಿದವರು ನೀವು. ನಿಮ್ಮ ನೀರಿಳಿಯಬಾರದೆಂದು ಬಾಟಲಿಗೆ ಅಂಗಡಿಯ ಕ್ಯಾನ್ ನೀರು ತುಂಬಿಸಿ ಕೊಟ್ಟೆ. ಇಡೀ ಬೀದಿ ಫೇಲು, ನಾವೊಬ್ಬರೇ ಪಾಸು! ಕಾಲರ್ ಎತ್ತಿಕೊಂಡು ಓಡಾಡಿದೆ.

ಇವತ್ತು ಎದುರುಮನೆ ರತ್ನಕ್ಕ ಬಿಂದಿಗೆ ಹಿಡಿದು ಬಂದರು. “ಮೊಮ್ಮಗಳು ಕುಡ್ಯಾಕ ಒಂದ್ ಕೊಡ ಕೊಡ್ರಿ. ನಿಮ್ದೊಂದ ಪಾಸ್ ಆಗೇತಂತಲ್ಲ?” ಅನ್ನುತ್ತಲೇ ನಲ್ಲಿ ತಿರುಗಿಸಿದರು.

ಅರ್ಧ ಬಿಂದಿಗೆ ತುಂಬುವವರೆಗೂ ನಿಮ್ಮ ಮರ್ಯಾದೆ ಕಾಯ್ದೆ. ಆಮೇಲೆ ತಡೆಯಲಾಗದೆ ಕಿತ್ತುಕೊಂಡು ಚೆಲ್ಲಿಬಿಟ್ಟೆ.

“ಬೇಡ ರತ್ನಕ್ಕ! ಲ್ಯಾಬಿಗೆ ಕೊಟ್ಟಿದ್ದು ಕ್ಯಾನ್ ನೀರು. ಎರಡು ವರ್ಷದಿಂದ ನಾವೂ ಅದನ್ನೇ ಕುಡಿಯೋದು.”

ಬೈಯುತ್ತಾರೆ ಅಂದುಕೊಂಡೆ. ಅವರು ನನ್ನನ್ನೇ ನೋಡಿದರು. “ಮತ್ತ ಹೋದ್ ವರ್ಷ ನಿಮ್ಮ ಅಪ್ಪಾರು, ಕಡೀ ಗಳಿಗ್ಯಾಗ ‘ನಮ್ಮ ಬೋರಿನ ನೀರ ಬೇಕು’ ಅಂದಿದ್ರಲ್ಲ?”

ಒಂದು ಗುಟುಕು ಕುಡಿದು, “ನೋಡೋ, ನೀರು ಅಂದ್ರೆ ಇದು” ಅಂದಿರಲ್ಲ, ಅಪ್ಪ.

ಅದೂ ಕ್ಯಾನಿನದೇ.